ಎಸಿಗಿಂತ ಮೊದಲು ರಸಮಟ್ಟ

ಸಣ್ಣ ಪ್ರವಾಸಿ ಟ್ರೇಲರ್ ಕೊಳ್ಳಲು ಹೊರಟವರ ಪಟ್ಟಿಯಲ್ಲಿ ಎಸಿ ಇರುತ್ತದೆ, ಟಿವಿ ಇರುತ್ತದೆ, ಛಾವಣಿ ಮೇಲೆ ಸೋಲಾರ್ ಫಲಕ, ಹಿಂಬದಿಗೆ ತೆರೆದುಕೊಳ್ಳುವ ಅಡುಗೆಕಟ್ಟೆ ಕೂಡ ಇರುತ್ತವೆ. ಗಾಲಿಗೆ ಕೊಡುವ ಬೆಣೆ ಮಾತ್ರ ಇರುವುದಿಲ್ಲ. ಟ್ರೇಲರ್ ಮಟ್ಟವಾಗಿ ನಿಂತಿದೆಯೋ ಇಲ್ಲವೋ ಎಂದು ನೋಡುವ ರಸಮಟ್ಟವೂ ಇರುವುದಿಲ್ಲ. ಟ್ರೇಲರ್ ಕಟ್ಟಿಕೊಡುವವರೂ ಆ ಮಾತೆತ್ತುವುದು ಅಪರೂಪ. ಮೊದಲ ರಾತ್ರಿ ಯಾವುದೋ ಕೆರೆ ದಂಡೆಯ ಇಳಿಜಾರಿನಲ್ಲಿ ಮಲಗಿದವರೆಲ್ಲ ಒಂದೇ ಕಡೆಗೆ ಜಾರಿ ಗೋಡೆಗೆ ಅಂಟಿಕೊಂಡಾಗಲೇ ಕಾಲ ಕೆಳಗೆ ನೆಲ ಅನ್ನುವುದೊಂದು ಇದೆ ಎಂದು ಗೊತ್ತಾಗುವುದು.

ಹೈದರಾಬಾದಿನ ಕೂಕಟ್‌ಪಲ್ಲಿಯನ್ನೇ ತೆಗೆದುಕೊಳ್ಳಿ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲಿನ ಮೆಟ್ರೊ ಕಂಬಗಳ ನಡುವೆ ಹಾದು ಮಚಲಿಪಟ್ಟಣದತ್ತ ಹೋಗುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅದು ಊರಿನ ದಾರಿ. ಶನಿವಾರ ಬೆಳಗ್ಗೆ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೊರಟರೆ ಮೂಸಿ ನದಿ ಹುಟ್ಟುವ ಅನಂತಗಿರಿ ಗುಡ್ಡ, ಮಂಜೀರಾ ನದಿಯ ಸಿಂಗೂರು ಜಲಾಶಯ, ಬೀದರ್ ಕೋಟೆ, ಬಸವಕಲ್ಯಾಣ ಎಲ್ಲವೂ ಅರ್ಧ ದಿನದೊಳಗಿನ ದೂರದಲ್ಲಿವೆ.

ಆದರೆ ಈ ದಾರಿಯಲ್ಲಿ ಮಟ್ಟಸವಾದ ನೆಲ ಹುಡುಕಿದರೂ ಸಿಗುವುದು ಕಷ್ಟ. ಹೈದರಾಬಾದ್ ಬೆಳೆದಿರುವುದೇ ಗ್ರಾನೈಟ್ ಬಂಡೆಗಳ ಏರುತಗ್ಗಿನ ಮೇಲೆ. ಕೂಕಟ್‌ಪಲ್ಲಿಯ ನಾಲೆ ಹುಸೇನ್ ಸಾಗರಕ್ಕೆ ಹರಿದು ಸೇರುತ್ತದೆ. ಅಂದರೆ ಬಡಾವಣೆಯ ಬೀದಿಗಳೇ ಎಲ್ಲೋ ಒಂದು ಕಡೆಗೆ ಇಳಿಯುತ್ತಿವೆ. ಮನೆ ಮುಂದೆ ನಿಂತ ಟ್ರೇಲರ್ ಕೂಡ ಪೂರ್ತಿ ಮಟ್ಟವಾಗಿರುವುದಿಲ್ಲ, ಗುಡ್ಡದ ಬುಡದಲ್ಲಿ ನಿಂತದ್ದರ ಮಾತು ಬೇರೆ ಹೇಳಬೇಕಿಲ್ಲ.

ಈ ನಗರದಲ್ಲಿ ಕ್ಯಾರವಾನ್ ಅಂದರೆ ಜನರಿಗೆ ಮೊದಲು ನೆನಪಾಗುವುದು ಸಿನಿಮಾ ನಟನಟಿಯರ ವ್ಯಾನಿಟಿ ವ್ಯಾನು. ಅದನ್ನು ನಿಲ್ಲಿಸಲು ಚಾಲಕನಿದ್ದಾನೆ, ಸಹಾಯಕರಿದ್ದಾರೆ, ಅವರಿಗೆ ಅದೇ ಕೆಲಸ. ಸಣ್ಣ ಟ್ರೇಲರಿನ ಕುಟುಂಬಕ್ಕೆ ಆ ಅನುಕೂಲವಿಲ್ಲ. ಗಂಡ ಹೆಂಡತಿ, ಹಸಿದ ಮಕ್ಕಳು, ಮುಳುಗುತ್ತಿರುವ ಹೊತ್ತು, ಅಷ್ಟೇ. ಇಂಥವರ ಕೈಗೆ ಯಾವ ಸಾಮಾನು ಬರಬೇಕು ಎಂಬುದನ್ನು ಅಂಗಡಿಯ ಕ್ಯಾಟಲಾಗು ತೀರ್ಮಾನಿಸಬಾರದು. ಅವರು ನಿಲ್ಲುವ ನೆಲ ತೀರ್ಮಾನಿಸಬೇಕು. ಹಾಗೆ ನೋಡಿದರೆ ಖರೀದಿಯ ಕ್ರಮವೇ ತಿರುವುಮುರುವಾಗುತ್ತದೆ. ಎಲ್ಲಕ್ಕಿಂತ ಅಗ್ಗದ ವಸ್ತುಗಳು ಮೊದಲು ಬರುತ್ತವೆ, ದುಬಾರಿಯವು ಕೊನೆಗೆ. ಬಹಳ ಸಲ ಅವು ಬೇಕಾಗುವುದೇ ಇಲ್ಲ.

ಟ್ರೇಲರ್ ಮಟ್ಟವಾಗಿ ಯಾಕೆ ನಿಲ್ಲಬೇಕು? ನಿದ್ದೆಗಾಗಿ ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. ಉಳಿದ ಕಾರಣಗಳು ಟ್ರೇಲರಿನ ಒಡಲಲ್ಲಿವೆ. ವಾಲಿ ನಿಂತ ಟ್ರೇಲರಿನಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಇಲ್ಲವೇ ಬಡಿದು ಮುಚ್ಚಿಕೊಳ್ಳುತ್ತದೆ. ಸಿಂಕಿನ ನೀರು ತೂತಿನ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಮಾಪಕ ಅರ್ಧ ತುಂಬಿದ್ದನ್ನು ಮುಕ್ಕಾಲು ಎಂದು ತೋರಿಸುತ್ತದೆ. ಒಲೆಯ ಮೇಲಿಟ್ಟ ಬಾಣಲೆಯಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಸೇರಿ, ದೋಸೆ ಅರ್ಧ ಕರಿದು ಅರ್ಧ ಹಸಿಯಾಗಿ ಏಳುತ್ತದೆ.

ಫ್ರಿಜ್ಜಿನ ಕಥೆ ಇನ್ನೂ ಸೂಕ್ಷ್ಮ. ಗ್ಯಾಸಿನ ಉರಿಯಲ್ಲೂ ನಡೆಯುವ ಹೀರಿಕೆ ಮಾದರಿಯ ಫ್ರಿಜ್ಜನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದರು. ಅದರಲ್ಲಿ ಪಂಪಿಲ್ಲ, ಮೋಟಾರಿಲ್ಲ. ಅಮೋನಿಯ ಬೆರೆತ ನೀರು ಕೊಳವೆಗಳಲ್ಲಿ ಬರೀ ಭಾರದಿಂದಲೇ ಕೆಳಗಿಳಿಯಬೇಕು. ಟ್ರೇಲರ್ ವಾಲಿದರೆ ಆ ದ್ರವ ನಡುದಾರಿಯಲ್ಲೇ ನಿಂತುಬಿಡುತ್ತದೆ, ಕೆಳಗಿನ ಬಿಸಿ ಏರುತ್ತಲೇ ಇರುತ್ತದೆ, ಫ್ರಿಜ್ಜು ಒಳಗಿಂದಲೇ ಹಾಳಾಗುತ್ತದೆ. ಅದಕ್ಕೇ ಇಂಥ ಫ್ರಿಜ್ಜುಗಳಿಗೆ ಒಂದು ದಿಕ್ಕಿನಲ್ಲಿ 3 ಡಿಗ್ರಿ, ಇನ್ನೊಂದು ದಿಕ್ಕಿನಲ್ಲಿ 6 ಡಿಗ್ರಿಗಿಂತ ಹೆಚ್ಚು ವಾಲಿಸಬಾರದೆಂಬ ಮಿತಿಯನ್ನು ಸಾಮಾನ್ಯವಾಗಿ ಹಾಕಿರುತ್ತಾರೆ. ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ ಈ ಹಟ ಇಲ್ಲ, ತುಸು ವಾಲಿದರೂ ತಂಪು ಮಾಡುತ್ತದೆ. ಆದ್ದರಿಂದ ಮಟ್ಟದ ಸಾಮಾನು ಆರಿಸುವ ಮುನ್ನ ಫ್ರಿಜ್ಜು ಯಾವ ಜಾತಿಯದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹೀರಿಕೆ ಫ್ರಿಜ್ಜಿದ್ದರೆ ಮಟ್ಟ ಬರೀ ಸುಖದ ಮಾತಾಗಿ ಉಳಿಯುವುದಿಲ್ಲ.

ಎಷ್ಟು ಎತ್ತಬೇಕು ಎಂಬ ಲೆಕ್ಕಕ್ಕೆ ಶಾಲೆಯ ಗಣಿತ ಸಾಕು. ಒಂದೇ ಆಕ್ಸಲಿನ ಸಣ್ಣ ಟ್ರೇಲರಿನಲ್ಲಿ ಎರಡು ಗಾಲಿಗಳ ನಡುವಿನ ಅಂತರ ಒಂದೂವರೆ ಮೀಟರ್ ಅಂದುಕೊಳ್ಳಿ. ನೆಲ ಅಡ್ಡಕ್ಕೆ 1 ಡಿಗ್ರಿ ವಾಲಿದ್ದರೆ ತಗ್ಗಿನ ಗಾಲಿಯನ್ನು 2.6 ಸೆಂಟಿಮೀಟರ್ ಎತ್ತಬೇಕು, ಅಂದರೆ ಹೆಚ್ಚುಕಡಿಮೆ ಒಂದು ಇಂಚು. 2 ಡಿಗ್ರಿಗೆ ಎರಡು ಇಂಚು. 4 ಡಿಗ್ರಿಗೆ ಹತ್ತು ಸೆಂಟಿಮೀಟರ್ ದಾಟುತ್ತದೆ. ಅಲ್ಲಿಗೆ ಸಾಮಾನಿನ ಕೆಲಸ ಮುಗಿಯಿತು. ಅದಕ್ಕಿಂತ ಹೆಚ್ಚು ಎತ್ತಬೇಕಾದ ಜಾಗ ತಂಗುವ ಜಾಗವೇ ಅಲ್ಲ. ಇನ್ನಷ್ಟು ಎತ್ತರದ ಸಲಕರಣೆ ಹುಡುಕುವ ಬದಲು ಕಾರನ್ನು ಇಪ್ಪತ್ತು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಿ ಬೇರೆ ಜಾಗ ನೋಡುವುದು ಜಾಣತನ.

ಇನ್ನು ಸಾಮಾನು. ಮೊದಲನೆಯದು ಬೆಣೆ. ಬೇಸಿಗೆ ಬಂತೆಂದರೆ ಹೈದರಾಬಾದಿನ ಓಣಿಗಳಲ್ಲಿ ಟ್ರ್ಯಾಕ್ಟರಿನ ನೀರಿನ ಟ್ಯಾಂಕರುಗಳು ಓಡಾಡುತ್ತವೆ. ಎರಡು ಗಾಲಿಯ ಟ್ಯಾಂಕರನ್ನು ಕಳಚಿ ನಿಲ್ಲಿಸುವ ಚಾಲಕನನ್ನು ಗಮನಿಸಿ. ಅವನು ಮೊದಲು ಕೆಳಗಿಳಿದು ಗಾಲಿಯ ಹಿಂದೆ ಮುಂದೆ ಕಲ್ಲು ಕೊಡುತ್ತಾನೆ, ಮೂತಿಗೆ ಕಬ್ಬಿಣದ ಕಾಲು ಇಳಿಸುತ್ತಾನೆ, ಕೊಂಡಿಯ ಪಿನ್ನು ಎಳೆಯುವುದು ಅದಾದ ಮೇಲೆ. ಯಾವ ಕೈಪಿಡಿಯನ್ನೂ ಓದದೆ ಅವನು ಪಾಲಿಸುವ ಈ ಕ್ರಮ ಲಕ್ಷಗಟ್ಟಲೆ ಕೊಟ್ಟು ಟ್ರೇಲರ್ ತಂದವರಿಗೆ ತಿಳಿದಿರುವುದಿಲ್ಲ. ಎಷ್ಟೋ ಸಣ್ಣ ಟ್ರೇಲರುಗಳಿಗೆ ಸ್ವಂತ ಹ್ಯಾಂಡ್‌ಬ್ರೇಕ್ ಇರುವುದಿಲ್ಲ. ಕಾರಿಗೆ ಕಟ್ಟಿರುವವರೆಗೆ ಅದನ್ನು ಹಿಡಿದಿರುವುದು ಕಾರಿನ ಬ್ರೇಕು. ಕೊಂಡಿ ಕಳಚಿದ ಕ್ಷಣ ಅದು ಇಳಿಜಾರಿನಲ್ಲಿ ನಿಂತ ಏಳುನೂರು ಕೆಜಿಯ ತಳ್ಳುಗಾಡಿ.

ದಾರಿಬದಿಯ ಕಲ್ಲೇ ಸಾಕಲ್ಲ ಎನ್ನುವವರಿದ್ದಾರೆ. ದುಂಡಗಿನ ಕಲ್ಲು ಉರುಳುತ್ತದೆ, ಚಪ್ಪಟೆ ಕಲ್ಲು ಬಂಡೆಯ ಮೇಲೆ ಜಾರುತ್ತದೆ. ಟೈರಿನ ದುಂಡಿಗೆ ಹೊಂದುವಂತೆ ಒಳಬಾಗಿದ ಮುಖವಿರುವ ರಬ್ಬರ್ ಬೆಣೆ ಲಾರಿ ಸಾಮಾನಿನ ಅಂಗಡಿಗಳಲ್ಲೇ ಸಿಗುತ್ತದೆ. ಅದು ಗಾಲಿಯ ಎತ್ತರದ ಕಾಲುಭಾಗದಷ್ಟಾದರೂ ಎತ್ತರ ಇರಬೇಕೆಂಬುದು ರೂಢಿಯ ಲೆಕ್ಕ; ಅರವತ್ತು ಸೆಂಟಿಮೀಟರಿನ ಗಾಲಿಗೆ ಹದಿನೈದು ಸೆಂಟಿಮೀಟರ್. ಒಂದು ಜೊತೆ ಸಾಲದು, ನಾಲ್ಕು ಬೇಕು. ಎರಡೂ ಗಾಲಿಗಳಿಗೆ, ಎರಡೂ ಕಡೆ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳು ಹೊರಡುವಾಗ ರಸ್ತೆ ಮೇಲೆಯೇ ಬಿಟ್ಟುಹೋಗುವ ಕಲ್ಲುಗಳಿಗೆ ರಾತ್ರಿ ಹೊತ್ತು ಬೈಕಿನವರು ಡಿಕ್ಕಿ ಹೊಡೆಯುವುದು ನಮ್ಮಲ್ಲಿ ಹೊಸದಲ್ಲ. ಸ್ವಂತ ಬೆಣೆ ಇಟ್ಟುಕೊಂಡವರು ಹೊರಡುವಾಗ ಅದನ್ನು ಮರೆಯದೆ ಎತ್ತಿಕೊಳ್ಳುತ್ತಾರೆ, ಕಲ್ಲನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ.

ಎರಡನೆಯದು ರಸಮಟ್ಟ. ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೊ 1661ರ ಸುಮಾರಿಗೆ ರೂಪಿಸಿದ ಈ ಗುಳ್ಳೆಯ ಕೊಳವೆ ಇವತ್ತಿಗೂ ಪ್ರತಿ ಗಾರೆಯವನ ಚೀಲದಲ್ಲಿದೆ. ಕೆಲವು ನೂರು ರೂಪಾಯಿಗೆ ಒಳ್ಳೆಯದೇ ಸಿಗುತ್ತದೆ. ಅದನ್ನು ಟ್ರೇಲರಿನ ಒಳನೆಲದ ಮೇಲೆ, ಆಕ್ಸಲಿನ ನೇರಕ್ಕೆ, ಒಮ್ಮೆ ಅಡ್ಡಕ್ಕೆ ಒಮ್ಮೆ ಉದ್ದಕ್ಕೆ ಇಟ್ಟು ನೋಡಿದರೆ ಸಾಕು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಬೇಕು. ಅಂಗಡಿಯ ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ಎಂದು ಗುರುತು ಮಾಡಿಕೊಂಡು, ಅದೇ ಜಾಗದಲ್ಲಿ ಪಟ್ಟಿಯ ತಲೆಬಾಲ ಅದಲುಬದಲು ಮಾಡಿ ಇಡಿ. ಮೇಜೇ ಓರೆಯಾಗಿದ್ದರೆ ಗುಳ್ಳೆ ಮತ್ತೆ ಗೋಡೆಯ ಕಡೆಗೋ ಬಾಗಿಲ ಕಡೆಗೋ, ಮೊದಲು ಹೋದ ಕಡೆಗೇ ಹೋಗುತ್ತದೆ. ಪಟ್ಟಿಯ ಜೊತೆ ತಾನೂ ಮಗ್ಗುಲು ಬದಲಿಸಿದರೆ ದೋಷ ರಸಮಟ್ಟದ್ದು. ಇನ್ನೊಂದು ತೆಗೆದುಕೊಡಿ ಎನ್ನಬೇಕು.

ಮೊಬೈಲಿನಲ್ಲೇ ಮಟ್ಟ ತೋರಿಸುವ ಆ್ಯಪ್ ಇದೆಯಲ್ಲ? ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಇಂದಿನ ಫೋನುಗಳ ಬೆನ್ನಲ್ಲಿ ಕ್ಯಾಮೆರಾ ಉಬ್ಬಿಕೊಂಡಿದೆ. ನೆಲದ ಮೇಲಿಟ್ಟರೆ ಫೋನೇ ಒಂದು ಮೂಲೆಯಲ್ಲಿ ಎದ್ದು ನಿಂತಿರುತ್ತದೆ. ಅದು ತೋರಿಸುವ ಡಿಗ್ರಿಯಲ್ಲಿ ಟ್ರೇಲರಿನ ವಾಲು ಎಷ್ಟು, ಕ್ಯಾಮೆರಾದ ವಾಲು ಎಷ್ಟು ಎಂದು ಬಿಡಿಸಿ ಹೇಳುವವರು ಯಾರು? ಫೋನಿನ ಉದ್ದನೆಯ ಅಂಚನ್ನು ನೆಲಕ್ಕೆ ಊರಿ ಹಿಡಿದರೆ ಈ ತಾಪತ್ರಯ ತಪ್ಪುತ್ತದೆ.

ಮೂರನೆಯದು ಗಾಲಿಯನ್ನು ಎತ್ತುವ ಸಾಮಾನು. ಚರ್ಚೆ ಹೆಚ್ಚು ಇರುವುದು ಇಲ್ಲಿಯೇ. ಕಲ್ಯಾಣ ಕರ್ನಾಟಕದವರ ಕೈ ಮೊದಲು ಹೋಗುವುದು ಶಹಾಬಾದಿನ ಫರಸಿಯ ಕಡೆಗೆ. ತೆಲಂಗಾಣದವರದು ತಾಂಡೂರು ಕಲ್ಲಿನ ಕಡೆಗೆ. ಮನೆ ಕಟ್ಟಿ ಮಿಕ್ಕ ಎರಡು ತುಂಡು ಎಲ್ಲರ ಹಿತ್ತಲಲ್ಲೂ ಇರುತ್ತವೆ. ಸುಣ್ಣಶಿಲೆಯ ಈ ಹಾಸುಗಲ್ಲು ಕೆಳಗೆಲ್ಲ ಆಧಾರವಿದ್ದಾಗ ಮನೆಯ ಭಾರವನ್ನೇ ಹೊರುತ್ತದೆ. ಅಡಿಯಲ್ಲಿ ಒಂದು ಹರಳು ಸಿಕ್ಕಿಕೊಂಡು ನಡುವೆ ಟೊಳ್ಳಾಯಿತೆಂದರೆ ಗಾಲಿ ಏರಿದ ಕೂಡಲೇ ಚಟ್ಟನೆ ಎರಡಾಗುತ್ತದೆ. ಇಟ್ಟಿಗೆಯದೂ ಅದೇ ಗತಿ. ಹೊಸ ಕಟ್ಟಡಗಳ ಪಕ್ಕದಲ್ಲಿ ರಾಶಿ ಬಿದ್ದಿರುವ ಬಿಳಿಯ ಎಎಸಿ ಬ್ಲಾಕು ನೋಡಲು ದೊಡ್ಡದು, ಎತ್ತಲು ಹಗುರ, ಹಾಗಾಗಿ ಆಸೆ ಹುಟ್ಟಿಸುತ್ತದೆ. ಆದರೆ ಅದರ ಹಗುರಕ್ಕೆ ಕಾರಣ ಒಳಗಿನ ಗಾಳಿಗುಳ್ಳೆಗಳು. ಟೈರಿನ ಅಂಚು ಕೂತಲ್ಲಿ ಅದು ಪುಡಿಯಾಗುತ್ತದೆ. ಒಡೆಯುವ ವಸ್ತುಗಳ ತೊಂದರೆ ಏನೆಂದರೆ ಅವು ಮುನ್ಸೂಚನೆ ಕೊಡುವುದಿಲ್ಲ, ಮತ್ತು ಒಡೆಯುವ ಹೊತ್ತಿಗೆ ಯಾರದೋ ಕೈ ಹತ್ತಿರದಲ್ಲೇ ಇರುತ್ತದೆ.

ಮರ ಹಾಗಲ್ಲ. ಅದು ಮೊದಲು ನಲುಗುತ್ತದೆ, ಕಿರುಗುಟ್ಟುತ್ತದೆ, ಸೀಳು ಬಿಡುತ್ತದೆ, ಆಮೇಲೆ ಮುರಿಯುತ್ತದೆ. ಸಾಮಿಲ್ಲಿನಲ್ಲಿ ಜಾಲಿಯದೋ ಮತ್ತಿಯದೋ ಎರಡಿಂಚು ದಪ್ಪ, ಹತ್ತಿಂಚು ಅಗಲದ ಹಲಗೆಯನ್ನು ಮೂರಡಿಗೆ ಕೊಯ್ಸಿ, ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಗಾಲಿ ಸರಾಗವಾಗಿ ಏರುತ್ತದೆ. ಅದರ ಮೇಲೆ ಚಿಕ್ಕ ಹಲಗೆಯೊಂದನ್ನು ಮೆಟ್ಟಿಲಿನಂತೆ ಬಿಗಿದರೆ ನಾಲ್ಕಿಂಚಿನ ಎತ್ತರವೂ ಸಿಕ್ಕಿತು. ಮರದ ದೋಷ ಭಾರ. ಇಂಥ ಒಂದು ಹಲಗೆಯೇ ಎಂಟೊಂಬತ್ತು ಕೆಜಿ ತೂಗುತ್ತದೆ. ಒಟ್ಟು ತೂಕ 750 ಕೆಜಿ ಮೀರದ ಸಣ್ಣ ಟ್ರೇಲರುಗಳಿಗೆ ನಮ್ಮ ವಾಹನ ಮಾನದಂಡಗಳಲ್ಲಿ ಬೇರೆಯದೇ ವರ್ಗವಿದೆ. ಆ ಮಿತಿಯೊಳಗೆ ಉಳಿಯಬೇಕಾದವರು ಪ್ರತಿ ಕೆಜಿಗೂ ಲೆಕ್ಕ ಇಡಬೇಕು. ಹಲಗೆಯನ್ನು ಕಾರಿನ ಡಿಕ್ಕಿಯಲ್ಲಿ ಒಯ್ಯುವುದು ಇದಕ್ಕೊಂದು ದಾರಿ.

ಅಮೆರಿಕದಲ್ಲಿ ಮನೆಮಾತಾಗಿರುವುದು ಒಂದರೊಳಗೊಂದು ಕೂರುವ ಪ್ಲಾಸ್ಟಿಕ್ ಬ್ಲಾಕುಗಳು. ಹೆಚ್ಚು ಬಳಕೆಯ ಮಾದರಿಯೊಂದು ಎಂಟೂವರೆ ಇಂಚಿನ ಚೌಕ, ಒಂದಿಂಚು ದಪ್ಪ. ಒಂದು ಡಿಗ್ರಿಗೆ ಒಂದು ಪದರ ಎಂದು ಲೆಕ್ಕ ಹಿಡಿಯಬಹುದು. ಮೂರಿಂಚು ಎತ್ತಬೇಕೆಂದರೆ ಕೆಳಗೆ ಮೂರು, ಮೇಲೆ ಎರಡು, ತುದಿಗೆ ಒಂದು ಎಂದು ಆರು ಬ್ಲಾಕಿನ ಮೆಟ್ಟಿಲು ಜೋಡಿಸಬೇಕು. ಹಗುರ, ಸಣ್ಣ ಚೀಲದಲ್ಲಿ ಹಿಡಿಯುತ್ತದೆ. ಹಿತವಾದ ಮಣ್ಣಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ನಮ್ಮ ಕಲ್ಲುನೆಲದಲ್ಲಿ ಮಾತ್ರ ಅಡಿಯಲ್ಲಿ ಟೊಳ್ಳು ಬಿದ್ದರೆ ಬಿರಿಯುತ್ತದೆ, ದಖ್ಖನಿನ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದರೆ ಪೆಡಸಾಗುತ್ತದೆ. ಹಲಗೆಯಾಗಲಿ ಬ್ಲಾಕಾಗಲಿ, ಟೈರಿನ ಪೂರ್ತಿ ಅಗಲ ಅದರ ಮೇಲೆ ಕೂರಬೇಕು. ಅರ್ಧ ಹೊರಗೆ ಜೋತರೆ ಇಡೀ ಭಾರ ಟೈರಿನ ಒಂದೇ ಬದಿಗೆ ಬಿದ್ದು ಒಳಗಿನ ನೂಲಿನ ಪದರಕ್ಕೆ ಪೆಟ್ಟು ಬೀಳುತ್ತದೆ. ಅದು ಆವತ್ತು ಕಾಣಿಸುವುದಿಲ್ಲ, ಮುಂದೆಂದೋ ಹೆದ್ದಾರಿಯಲ್ಲಿ ಕಾಣಿಸುತ್ತದೆ.

ಸಣ್ಣ, ಒಂದೇ ಆಕ್ಸಲಿನ ಟ್ರೇಲರಿಗೆ ಇವೆಲ್ಲಕ್ಕಿಂತ ಒಪ್ಪುವುದು ಬಾಗುಮೆಟ್ಟು, ಅಂದರೆ ಬಾಳೆಹಣ್ಣಿನ ಹಾಗೆ ಬಾಗಿದ ಇಳಿಜಾರು ದಿಮ್ಮಿ. ಒಂದು ತುದಿ ನೆಲಕ್ಕೆ ತಾಗಿರುತ್ತದೆ, ಇನ್ನೊಂದು ತುದಿ ಸುಮಾರು ನಾಲ್ಕಿಂಚು ಎತ್ತರ. ತಗ್ಗಿನ ಗಾಲಿಯನ್ನು ಅದರ ಮೇಲೆ ಮೆಲ್ಲಗೆ ಏರಿಸುತ್ತ ಹೋದರೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತರ ಹೆಚ್ಚುತ್ತದೆ. ಗುಳ್ಳೆ ನಡುವಿಗೆ ಬಂದ ಕೂಡಲೇ ನಿಲ್ಲಿಸಿ ಅಡಿಗೆ ಬೆಣೆ ತಳ್ಳಿದರೆ ಮುಗಿಯಿತು. ಎಷ್ಟು ಪದರ ಬೇಕು ಎಂದು ಊಹಿಸುವ, ಕಡಿಮೆ ಬಿದ್ದರೆ ಇಳಿಸಿ ಮತ್ತೆ ಜೋಡಿಸುವ ಕೆಲಸವಿಲ್ಲ. ಒದ್ದೆ ಹುಲ್ಲಿನ ಮೇಲೆ ಅದೇ ಮುಂದಕ್ಕೆ ಜಾರುವುದುಂಟು. ಕೆಳಗೆ ಹಳೆಯ ರಬ್ಬರ್ ಮ್ಯಾಟಿನ ತುಂಡು ಹಾಸಿದರೆ ಹಿಡಿದು ನಿಲ್ಲುತ್ತದೆ.

ಇದನ್ನು ಹೊರದೇಶದಿಂದ ತರಿಸಲೇಬೇಕು ಎಂದೇನಿಲ್ಲ. ಕೂಕಟ್‌ಪಲ್ಲಿಯ ಮಗ್ಗುಲಲ್ಲೇ ಬಾಲಾನಗರವಿದೆ. 1968ರಿಂದ ಉಪಕರಣ ವಿನ್ಯಾಸ ಕಲಿಸುತ್ತ ಬಂದ ಕೇಂದ್ರ ಸಂಸ್ಥೆ ಸಿಐಟಿಡಿ ಅಲ್ಲಿದೆ, ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ ಅಲ್ಲಿದೆ, ಅವುಗಳ ಸುತ್ತ ಲೇತು, ವೆಲ್ಡಿಂಗು, ತಗಡು ಬಗ್ಗಿಸುವ ಸಣ್ಣ ಶೆಡ್ಡುಗಳಿವೆ. ವಿಮಾನದ ಬಿಡಿಭಾಗದ ಪಕ್ಕದಲ್ಲೇ ಕೆಲಸ ಕಲಿತ ಊರಿಗೆ ನಾನೂರು ಕೆಜಿ ಹೊರುವ ಬಾಗಿದ ಮೆಟ್ಟು ಮಾಡುವುದು ದೊಡ್ಡ ವಿದ್ಯೆಯಲ್ಲ. ಮಾಡಿಸುವವರು ಎರಡು ವಿಷಯ ಕೇಳಿ ಬರೆಸಿಕೊಳ್ಳಬೇಕು: ಒಂದು ಗಾಲಿಗೆ ಬೀಳುವ ಭಾರದ ದುಪ್ಪಟ್ಟು ಹೇರಿ ಪರೀಕ್ಷಿಸಿದ್ದಾರೆಯೇ, ಗಾಲಿ ಪಕ್ಕಕ್ಕೆ ಜಾರದಂತೆ ಅಂಚು ಎತ್ತಿದ್ದಾರೆಯೇ.

ಅಡ್ಡದ ಓರೆ ತೀರಿದ ಮೇಲೆ ಉದ್ದದ ಓರೆ. ಅದಕ್ಕೆ ಹಲಗೆ ಬೇಡ. ಟ್ರೇಲರಿನ ಮೂತಿಯಲ್ಲಿರುವ ಜಾಕಿಯನ್ನು ತಿರುಗಿಸಿದರೆ ಮೂತಿ ಏಳುತ್ತದೆ, ಇಳಿಯುತ್ತದೆ. ಇಲ್ಲಿ ಸಮಸ್ಯೆ ಜಾಕಿಯದಲ್ಲ, ಮಣ್ಣಿನದು. ಬೀದರ್ ಊರು ನಿಂತಿರುವ ಜಂಬಿಟ್ಟಿಗೆಯ ದಿಣ್ಣೆ ಗಟ್ಟಿ. ಅಲ್ಲಿ ಯಾವ ಜಾಕಿಯೂ ಕುಸಿಯುವುದಿಲ್ಲ. ದಿಣ್ಣೆ ಇಳಿದು ಕಲಬುರಗಿ ಕಡೆಗೆ ತಿರುಗಿದರೆ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಕಲ್ಲಿನಂತಿರುವ ಅದೇ ನೆಲ ಒಂದು ಮಳೆಗೆ ಊದಿ ಬೆಣ್ಣೆಯಾಗುತ್ತದೆ. ಸಂಜೆ ಮಟ್ಟ ಮಾಡಿ ಮಲಗಿದ ಟ್ರೇಲರ್ ರಾತ್ರಿಯ ಮಳೆ ಕಳೆದು ಬೆಳಗಾಗುವಷ್ಟರಲ್ಲಿ ಮೂತಿ ಊರಿರುತ್ತದೆ.

ಇದಕ್ಕೂ ಲೆಕ್ಕವಿದೆ. ಟ್ರೇಲರಿನ ಮೂತಿಯಲ್ಲಿ 70 ಕೆಜಿ ಭಾರವಿದೆ, ಜಾಕಿಯ ಪಾದ ಐದು ಸೆಂಟಿಮೀಟರ್ ಅಗಲದ ಬಿಲ್ಲೆ ಎಂದಿಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರಿಗೆ ಮೂರೂವರೆ ಕೆಜಿಯ ಒತ್ತಡ. ಅದೇ ಪಾದದ ಕೆಳಗೆ ಒಂದಡಿ ಚೌಕದ ದಪ್ಪ ಪ್ಲೈವುಡ್ ತುಂಡು ಇಟ್ಟರೆ ಅದೇ ಭಾರ ಒಂಬೈನೂರು ಚದರ ಸೆಂಟಿಮೀಟರಿಗೆ ಹರಡಿ ಒತ್ತಡ ನಲವತ್ತು ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ಬಡಗಿಯ ಅಂಗಡಿಯಲ್ಲಿ ಮಿಕ್ಕುಬಿದ್ದ ತುಂಡೊಂದು ಮಾಡುವ ಕೆಲಸ ಇಷ್ಟು. ದುಬಾರಿ ಜಾಕಿ ಕೊಂಡು ಈ ತುಂಡನ್ನು ಮರೆತವರ ಹಣ ಅಕ್ಷರಶಃ ಮಣ್ಣಿಗೆ ಹೋಗುತ್ತದೆ.

ನಾಲ್ಕು ಮೂಲೆಯಲ್ಲಿ ಇಳಿಬಿಡುವ ಕಾಲುಗಳ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಅವು ಟ್ರೇಲರನ್ನು ಎತ್ತುವುದಕ್ಕಲ್ಲ, ಒಳಗೆ ಓಡಾಡುವಾಗ ಅಲುಗದಂತೆ ಹಿಡಿಯುವುದಕ್ಕೆ. ಮಟ್ಟವೆಲ್ಲ ಮುಗಿದ ಮೇಲೆ ಅವನ್ನು ನೆಲಕ್ಕೆ ತಾಗಿಸಿ ತುಸು ಬಿಗಿ ಮಾಡಿದರೆ ಸಾಕು. ತಿರುಗಿಸುವ ಹಿಡಿ ಕೈಯಲ್ಲಿದೆ ಎಂದು ಒಂದು ಮೂಲೆಯನ್ನೇ ಎತ್ತುತ್ತ ಹೋದರೆ ಚಾಸಿ ತಿರುಚಿಕೊಳ್ಳುತ್ತದೆ, ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ಕಿಟಕಿಯ ಅಂಚಿನಲ್ಲಿ ಮಳೆನೀರು ಒಳಬರಲು ದಾರಿಯಾಗುತ್ತದೆ.

ಎಲೆಕ್ಟ್ರಾನಿಕ್ ಸಾಮಾನುಗಳನ್ನು ಪೂರ್ತಿ ತಳ್ಳಿಹಾಕುವುದೂ ನ್ಯಾಯವಲ್ಲ. ಟ್ರೇಲರಿನ ಗೋಡೆಗೆ ಅಂಟಿಸಿದ ಬ್ಲೂಟೂತ್ ಪೆಟ್ಟಿಗೆ, ಎಡಗಾಲಿ ಎಷ್ಟು ಏಳಬೇಕು, ಮೂತಿ ಎಷ್ಟು ಇಳಿಯಬೇಕು ಎಂದು ಚಾಲಕನ ಫೋನಿಗೆ ಅಂಕಿಯಲ್ಲೇ ಹೇಳುತ್ತದೆ. ಒಬ್ಬರೇ ತಿರುಗುವವರಿಗೆ, ಮಂಡಿನೋವಿನ ಹಿರಿಯರಿಗೆ, ಸುರಿಯುವ ಮಳೆಯಲ್ಲಿ ಹೊರಗೆ ನಿಂತು ಕೂಗಲು ಯಾರೂ ಇಲ್ಲದವರಿಗೆ ಅದು ನಿಜಕ್ಕೂ ಉಪಕಾರಿ. ಆದರೆ ಅದು ಅಳೆಯುತ್ತದೆ ಅಷ್ಟೇ, ಎತ್ತುವುದಿಲ್ಲ. ಹಲಗೆ, ಮೆಟ್ಟು, ಬೆಣೆ ಹೇಗೂ ಬೇಕು. ಗುಂಡಿ ಒತ್ತಿದರೆ ತಾನೇ ಮಟ್ಟವಾಗುವ ಹೈಡ್ರಾಲಿಕ್ ಕಾಲುಗಳು ಬಸ್ಸಿನಷ್ಟು ದೊಡ್ಡ ಕ್ಯಾರವಾನುಗಳಿಗೆ ಸರಿ. ಮುಕ್ಕಾಲು ಟನ್ನಿನ ಟ್ರೇಲರಿಗೆ ಅವನ್ನು ಹೇರಿದರೆ ಮಂಚಕ್ಕೂ ನೀರಿಗೂ ಇರಬೇಕಾದ ತೂಕವನ್ನು ಅವೇ ನುಂಗುತ್ತವೆ.

ಸಾಮಾನು ಸರಿಯಿದ್ದರೂ ಕ್ರಮ ತಪ್ಪಿದರೆ ಎಲ್ಲ ಕೆಡುತ್ತದೆ. ಟ್ರೇಲರ್ ಕಾರಿಗೆ ಕಟ್ಟಿಕೊಂಡಿರುವಾಗಲೇ ಅಡ್ಡದ ಮಟ್ಟ ಮುಗಿಯಬೇಕು, ಯಾಕೆಂದರೆ ಮೆಟ್ಟಿನ ಮೇಲೆ ಏರಿಸಲು ಎಂಜಿನ್ ಬೇಕು. ಹೊರಗೆ ನಿಂತವರು ಟೈರಿನ ಮೇಲೆ ಕಣ್ಣಿಟ್ಟು, ‘ಇನ್ನೊಂದು ಚೂರು ಮುಂದ ತಗೊಳ್ರಿ... ಸಾಕು, ಸಾಕ್ರಿ, ನಿಂದರಸ್ರಿ!’ ಎನ್ನುತ್ತಿರಬೇಕು. ಪಕ್ಕದಲ್ಲಿ ನಿಂತ ಕಾವಲುಗಾರ ತನ್ನ ಪಾಡಿಗೆ ತೆಲುಗಿನಲ್ಲಿ ‘ರಾನೀ, ರಾನೀ’ ಎಂದು ಕೈಬೀಸಿ ಗಾಡಿಯನ್ನು ಇನ್ನೂ ಬರಮಾಡಿಕೊಳ್ಳುತ್ತಿದ್ದರೆ ಚಾಲಕ ಯಾರ ಮಾತು ಕೇಳಬೇಕು? ಮೊದಲೇ ತೀರ್ಮಾನಿಸಿಕೊಂಡ ಒಬ್ಬರ ಮಾತನ್ನು. ಆಮೇಲೆ ನಾಲ್ಕೂ ಬೆಣೆ. ಬೆಣೆ ಕೂತ ಮೇಲೆ ಜಾಕಿಯ ಅಡಿಗೆ ಹಲಗೆ. ಆಮೇಲೆ ಕೊಂಡಿ ಕಳಚುವುದು. ಸುರಕ್ಷತೆಯ ಸರಪಳಿಯನ್ನು ಮಾತ್ರ ಇನ್ನೊಂದು ನಿಮಿಷ ಹಾಗೇ ಬಿಟ್ಟು, ಬೆಣೆಗಳು ಭಾರ ಹಿಡಿದಿವೆ ಎಂದು ಕಣ್ಣಾರೆ ಕಂಡ ಮೇಲೆ ಬಿಚ್ಚುವುದು. ಉದ್ದದ ಮಟ್ಟ ಅದಾದ ಮೇಲೆ, ಮೂಲೆಯ ಕಾಲುಗಳು ಕಟ್ಟಕಡೆಗೆ. ಹೊರಡುವ ದಿನ ಇದೇ ಪಟ್ಟಿ ತಲೆಕೆಳಗು.

ಇಷ್ಟೆಲ್ಲ ಹೊಣೆಯನ್ನು ಪ್ರವಾಸಿಗರ ಹೆಗಲಿಗೇ ಹೊರಿಸುವುದು ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ಹೆಸರಿನಲ್ಲಿ ಕ್ಯಾರವಾನ್ ಪ್ರವಾಸದ ನೀತಿ ತಂದು, ಮರುವರ್ಷ ವಾಗಮೋನ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಮಹಾರಾಷ್ಟ್ರವೂ 2021ರಲ್ಲೇ ಇಂಥ ನೀತಿ ಮಾಡಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿದೆ. ಇಂಥ ಘೋಷಣೆಗಳ ಸುತ್ತ ನಡೆಯುವ ಮಾತೆಲ್ಲ ವಾಹನದ ಒಳಗಿನ ಸೋಫಾ, ಮೈಕ್ರೋವೇವ್, ಸಹಾಯಧನಗಳ ಸುತ್ತಲೇ. ವಾಹನ ನಿಲ್ಲುವ ನಾಲ್ಕು ಮಾರು ನೆಲದ ಮಾತು ಅಲ್ಲಿ ಕೇಳಿಸುವುದು ಕಡಿಮೆ. 1907ರಲ್ಲೇ ಕ್ಯಾರವಾನ್ ಕ್ಲಬ್ ಹುಟ್ಟಿದ ಬ್ರಿಟನ್ನಿನಲ್ಲಿ ಜಾಗ ಕಾಯ್ದಿರಿಸುವಾಗಲೇ ಹುಲ್ಲಿನ ಜಾಗ ಬೇಕೋ ಗಟ್ಟಿ ಹಾಸಿನ ಜಾಗ ಬೇಕೋ ಎಂದು ಕೇಳುತ್ತಾರೆ. ನಮ್ಮಲ್ಲೂ ಆ ಪ್ರಶ್ನೆ ಕೇಳುವಂತಾಗಬೇಕು.

ಗಟ್ಟಿ ಹಾಸು ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ. ಮೂರೂವರೆ ಮೀಟರ್ ಅಗಲ, ಎಂಟು ಮೀಟರ್ ಉದ್ದದ ಜಾಗಕ್ಕೆ ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಹಾಕಿದರೂ ಮೂರು ಘನ ಮೀಟರ್ ದಾಟುವುದಿಲ್ಲ. ಆರು ಘನ ಮೀಟರಿನ ಒಂದು ಮಿಕ್ಸರ್ ಲಾರಿಯಲ್ಲಿ ಎರಡು ಜಾಗ ಮುಗಿಯುತ್ತವೆ. ಕಾಂಕ್ರೀಟು ಬೇಡವೆಂದರೆ ಗರಸು ಹಾಕಿ ರೋಲರ್ ಹೊಡೆದರೂ ನಡೆಯುತ್ತದೆ. ಮಳೆನೀರು ಹರಿಯಲು ಸ್ವಲ್ಪ ಇಳಿಜಾರು ಬೇಕೇ ಬೇಕು. ಅದನ್ನು ಅಡ್ಡಕ್ಕೆ ಕೊಡದೆ ಉದ್ದಕ್ಕೆ ಕೊಟ್ಟರೆ ಸಾಕು, ನೂರಕ್ಕೆ ಒಂದರ ಲೆಕ್ಕದಲ್ಲಿ. ಆಕ್ಸಲಿನಿಂದ ಕೊಂಡಿಯವರೆಗಿನ ಮೂರು ಮೀಟರಿಗೆ ಅದು ಬರೀ ಮೂರು ಸೆಂಟಿಮೀಟರ್. ಮೂತಿಯ ಜಾಕಿಯನ್ನು ಕೆಲವು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಅಡ್ಡಕ್ಕೆ ಇಳಿಜಾರೇ ಇಲ್ಲದ ಕಾರಣ ಮೆಟ್ಟು, ಹಲಗೆ, ಬ್ಲಾಕು ಯಾವುದೂ ಬೇಕಾಗುವುದಿಲ್ಲ. ಗುತ್ತಿಗೆಯ ಕಾಗದದಲ್ಲಿ ಈ ಒಂದು ಸಾಲು ಸೇರಿಸಲು ಯಾವ ಸರ್ಕಾರಕ್ಕೂ ಹೊಸ ಕಾನೂನು ಬೇಕಿಲ್ಲ. ಅನಂತಗಿರಿಯ ಬುಡದಲ್ಲೋ ಬೀದರ್ ಕೋಟೆಯ ಹೊರಗೋ ಇಂಥ ಆರು ಜಾಗ ಸಿದ್ಧ ಮಾಡಿ, ಪಕ್ಕದಲ್ಲೊಂದು ನಲ್ಲಿ, ಒಂದು ಕರೆಂಟಿನ ಪ್ಲಗ್ಗು ಕೊಟ್ಟರೆ ಎರಡು ರಾಜ್ಯಗಳ ನಡುವೆ ಕ್ಯಾರವಾನ್ ಪ್ರವಾಸ ಕಾಗದದಿಂದ ಇಳಿದು ರಸ್ತೆಗೆ ಬರುತ್ತದೆ.

ಟ್ರೇಲರ್ ಕಟ್ಟಿಕೊಡುವವರ ಪಾಲಿನ ಕೆಲಸ ಇನ್ನೂ ಸುಲಭ. ಬೈಕಿನ ಜೊತೆ ಹೆಲ್ಮೆಟ್ ಕೊಡುವಂತೆ, ಕಾರಿನ ಜೊತೆ ಜಾಕು ಮತ್ತು ಸ್ಟೆಪ್ನಿ ಕೊಡುವಂತೆ, ಪ್ರತಿ ಟ್ರೇಲರಿನ ಜೊತೆ ನಾಲ್ಕು ರಬ್ಬರ್ ಬೆಣೆ, ಒಂದು ರಸಮಟ್ಟ, ಜಾಕಿಯ ಅಡಿಗೆ ಒಂದು ಹಲಗೆ, ಒಂದು ಜೊತೆ ಬಾಗುಮೆಟ್ಟು ಬಿಲ್ಲಿನೊಳಗೇ ಬರಬೇಕು. ಅವರಾಗಿ ಕೊಡದಿದ್ದರೆ ಕೊಳ್ಳುವವರು ಮುಂಗಡ ಕೊಡುವ ಮುನ್ನವೇ ಈ ನಾಲ್ಕನ್ನು ಬಿಲ್ಲಿಗೆ ಬರೆಸಿಕೊಳ್ಳಲಿ, ಟಿವಿಯ ಅಳತೆ ಎಷ್ಟಿಂಚಿರಬೇಕು ಎಂಬ ಚೌಕಾಶಿಯನ್ನು ಆಮೇಲೆ ಶುರುಮಾಡಲಿ.